ದೇವರನ್ನು ಬೈಯಲು ಹೆದರಿದ ಟೈಲರಕ್ಕ

ನಮ್ಮ ಬೀದಿಯ ಟೈಲರಕ್ಕನ ಬಾಯಿಗೆ ಹೆದರದವರಿಲ್ಲ. ಅಳತೆ ಕೊಡಲು ನಿಂತವರು ಹೊಟ್ಟೆ ಒಳಗೆಳೆದುಕೊಂಡರೆ, "ಅಂಗಿ ಹಾಕ್ಕೊಂಡ ಮೇಲೂ ಹಿಂಗೇ ಉಸಿರು ಕಟ್ಕೊಂಡು ಓಡಾಡ್ತೀರಾ? ಬಿಡಿ ಅಣ್ಣ, ಹೊಟ್ಟೆ ನಿಮ್ಮದೇ ತಾನೆ" ಎನ್ನುತ್ತಾಳೆ. ಅಂಥವಳು ಕಳೆದ ವರ್ಷ ಐದು ತಿಂಗಳು ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಈ ಕಥೆ ಹೇಳಿದ್ದು ಅವಳೇ. "ಬರೀರಿ, ಯಾರಿಗಾದ್ರೂ ಬೇಕಾಗುತ್ತೆ" ಎಂದದ್ದೂ ಅವಳೇ.

ಅವಳ ಗಂಡ ಗೋಡೆಗೆ ಬಣ್ಣ ಹೊಡೆಯುವವನು. ತಾವು ಹೋಗುವ ಪ್ರಾರ್ಥನಾ ಮಂದಿರಕ್ಕೆ ಸೇವೆಯೆಂದು ಬಣ್ಣ ಹೊಡೆಯುತ್ತಿದ್ದಾಗ ನಿಲ್ಲಲು ಕಟ್ಟಿದ್ದ ಸಾರುವೆಯ ಹಗ್ಗ ಕಿತ್ತುಹೋಗಿ, ಬಿದ್ದು ಸತ್ತ. ಮಂದಿರದ ಹಿರಿಯರು ಮನೆಗೆ ಬಂದು, "ಇಷ್ಟವಾದವರನ್ನ ದೇವರು ಬೇಗ ಕರೆಸ್ಕೋತಾನೆ ತಾಯಿ. ಗೊಣಗಬೇಡ, ಮನೇಲಿ ಇನ್ನೂ ಮಗಳಿದ್ದಾಳೆ" ಎಂದರು. ಮಂದಿರದವರು ಕೊಟ್ಟ ಹಗ್ಗ ಹಳತಾಗಿ ಲಡ್ಡಾಗಿತ್ತು ಎಂದು ಅವರಲ್ಲಿ ಒಬ್ಬರೂ ಹೇಳಲಿಲ್ಲ. ಲಡ್ಡು ಹಗ್ಗ ಕೊಟ್ಟವರು ತಪ್ಪನ್ನು ದೇವರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವುದು ಎಷ್ಟು ಸಲೀಸು ನೋಡಿ.

ಟೈಲರಕ್ಕ ಆ ಮಾತನ್ನು ನಂಬಿದಳು. ನಂಬಿದ್ದರಿಂದಲೇ ದೇವರ ಮೇಲೆ ಸಿಟ್ಟು ಉಕ್ಕಿತು. ಸಿಟ್ಟಿನ ಬೆನ್ನಿಗೇ ಭಯ. ಬೈದರೆ ಕಾಲೇಜಿಗೆ ಹೋಗುವ ಮಗಳನ್ನೂ ಕರೆಸಿಕೊಂಡುಬಿಟ್ಟರೆ? ಬೈಯಲಾಗದೆ, ಬೇಡಲೂ ಆಗದೆ ಪ್ರಾರ್ಥನೆಯನ್ನೇ ಬಿಟ್ಟಳು. ತುತ್ತು ಗಂಟಲಲ್ಲಿ ಇಳಿಯದಾಯಿತು. ಗಂಟಲಲ್ಲಿ ಏನೂ ಇಲ್ಲವೆಂದು ಕಂಡ ಡಾಕ್ಟರು ಅವಳನ್ನು ತಮ್ಮ ಆಸ್ಪತ್ರೆಯ ಕೌನ್ಸೆಲರ್ ಬಳಿ ಕಳಿಸಿದರು.

ಕೌನ್ಸೆಲರ್ ಇನ್ನೂ ಮೂವತ್ತು ದಾಟದ ಹುಡುಗಿ. ಎರಡು ಪ್ಲಾಸ್ಟಿಕ್ ಕುರ್ಚಿ, ಔಷಧಿ ಕಂಪನಿಯ ಕ್ಯಾಲೆಂಡರು, ಅಷ್ಟೇ ಅವಳ ಕೋಣೆ. ದೇವರ ಮಾತು ಬಂದರೆ ಮೆಲ್ಲಗೆ ತಿರುಗಿಸಬೇಕೆಂದು ದೊಡ್ಡ ಡಾಕ್ಟರು ಹೇಳಿಕೊಟ್ಟಿದ್ದರು. ಟೈಲರಕ್ಕ ದೇವರೆಂದಾಗಲೆಲ್ಲ ಇವಳು ನಿದ್ದೆ ಹೇಗಿದೆ ಎನ್ನುತ್ತಿದ್ದಳು. ಗಂಡಹೆಂಡಿರ ಹಾಸಿಗೆಯ ಮಾತನ್ನು ನಾಚದೆ ಕೇಳುವ ಓದು ದೇವರ ಹೆಸರಿಗೆ ಮಾತ್ರ ಕಿವಿ ಮುಚ್ಚಿಕೊಂಡರೆ, ಆ ಓದು ಯಾರ ಉದ್ಧಾರಕ್ಕೆ?

ಮನಸ್ಸಿಗೆ ಬಂದದ್ದನ್ನು ದಿನವೂ ಬರೆಯಲು ಹುಡುಗಿ ಒಂದು ನೋಟ್‌ಬುಕ್ ಕೊಟ್ಟಿದ್ದಳು. ಮೂರನೇ ವಾರ ಟೈಲರಕ್ಕ ಅದನ್ನು ತಂದಿಟ್ಟಾಗ ಅದರ ಮೂರು ಅಂಚಿಗೂ ಮಿಷನ್ ಹೊಲಿಗೆ ಬಿದ್ದಿತ್ತು.

"ಇದೇನಕ್ಕ, ನಾನು ಓದೋದು ಹೆಂಗೆ?"

"ನಿಮಗಲ್ಲ ಮೇಡಂ ಬರೆದಿದ್ದು." ಟೈಲರಕ್ಕ ಗಲ್ಲ ಎತ್ತಿ ಮೇಲೆ ತೋರಿಸಿದಳು.

"ಮತ್ತೆ ಹೊಲಿದಿದ್ದೀರಲ್ಲ?"

"ಅವನಿಗೂ ಕಾಣಬಾರ್ದು ಅಂತ."

"ಹೊಲಿಗೆ ಹಾಕಿದ್ರೆ ಅವನಿಗೆ ಕಾಣಲ್ವಾ?"

"ಕಾಣುತ್ತೇನೋ. ಹಂಗಂತ ಬಿಚ್ಚಿಟ್ಟು ತೋರ್ಸಕ್ಕಾಗುತ್ತಾ? ಮನೇಲಿ ಮಗಳಿದ್ದಾಳೆ."

ಹುಡುಗಿ ಪೆನ್ನಿಗೆ ಕ್ಯಾಪ್ ಹಾಕಿದಳು.

"ಇಷ್ಟು ದಿನ ನಿಮ್ಮ ಮಾತು ತಿರುಗಿಸ್ತಿದ್ದೆ, ತಪ್ಪಾಯ್ತು. ಯಜಮಾನ್ರು ಇದ್ದಾಗ ದೇವರ ಹತ್ರ ಹೆಂಗೆ ಮಾತಾಡ್ತಿದ್ರಿ?"

"ನಿಮ್ಮ ಹತ್ರ ಮಾತಾಡಿದಂಗೇ. ಸೂಜಿ ಮುರಿದ್ರೂ ಬೈತಿದ್ದೆ."

"ಅದಕ್ಕೆ ಅವನು?"

"ಅವನೇನಂತಾನೆ. ಬೈಸ್ಕೊಂಡು ಸುಮ್ನಿರ್ತಿದ್ದ."

"ಮಗಳನ್ನ ಕರ್ಕೊಂಡು ಹೋಗ್ತೀನಿ ಅಂತ ಅವನು ಹೇಳಿದ್ನಾ?"

ಟೈಲರಕ್ಕ ಸೆರಗಿನ ಅಂಚನ್ನು ಬೆರಳಲ್ಲಿ ಉಜ್ಜಿದಳು.

"ಇಲ್ಲ. ಹಂಗಂದಿದ್ದು ಆ ಮಂದಿರದ ದೊಡ್ಡವರು." ಆಮೇಲೆ, ಐದು ತಿಂಗಳಲ್ಲಿ ಮೊದಲ ಸಲ, "ಹಗ್ಗ ಲಡ್ಡಾಗಿತ್ತು ಮೇಡಂ" ಎಂದಳು.

ಅಂದು ಮಧ್ಯಾಹ್ನ ಮನೆಯಲ್ಲಿ ಮಿಷನ್ ಮುಂದೆ ನಿಂತು ಹಿರಿಯರನ್ನೂ ದೇವರನ್ನೂ ಗಂಟಲು ಕಟ್ಟುವ ತನಕ ಬೈದಳು. ಬೈದು ಮುಗಿಸಿ, ಮಗಳ ದಾರಿ ಕಾಯುತ್ತ ಬಾಗಿಲಲ್ಲಿ ನಿಂತಳು. ಐದೂವರೆಗೆ ಮಗಳು ಬಂದಳು.

"ಬಿಸಿಲಲ್ಲಿ ಯಾಕಮ್ಮ ಕಂಬದ ಥರ ನಿಂತಿದ್ದೀಯ? ಹೊಟ್ಟೆ ಹಸೀತಿದೆ."

ತಾಯಿಗೆ ನಾಲ್ಕು ತುತ್ತು ಇಳಿಯಿತು. ಎಲ್ಲ ಸರಿಹೋಯಿತೆಂದು ಬರೆದರೆ ಸುಳ್ಳಾದೀತು. ಆ ಮಂದಿರಕ್ಕೆ ಅವಳು ಇವತ್ತಿಗೂ ಕಾಲಿಟ್ಟಿಲ್ಲ. ಮನೆಯಲ್ಲಿ ಒಂದು ದಿನ ಪ್ರಾರ್ಥನೆ, ಒಂದು ದಿನ ಜಗಳ.

ಮುಂದಿನ ಸಲ ಕೌನ್ಸೆಲರ್ ಬಳಿ ಹೋದಾಗ ಅವಳೇ ಕೇಳಿದಳು: "ದೇವರ ಹತ್ರ ಮಾತು ಶುರುವಾಗಿದೆ ಮೇಡಂ. ನಿಮಗೇನಾದ್ರೂ ಬೇಕಾ, ಕೇಳ್ತೀನಿ?"

"ನನಗೆ ಅವನ ಪರಿಚಯ ಇಲ್ಲ ಅಕ್ಕ."

"ಪರಿಚಯ ಮಾಡ್ಸಲ್ಲ, ಹೆದರ್ಬೇಡಿ. ಏನು ಬೇಕು ಅಷ್ಟೇ ಹೇಳಿ."

ದೊಡ್ಡ ಡಾಕ್ಟರು ಬಂದಾರೆಂದು ಹುಡುಗಿ ಬಾಗಿಲ ಕಡೆ ಒಮ್ಮೆ ನೋಡಿದಳು. "ನಮ್ಮಮ್ಮನಿಗೆ ಮಂಡಿ ನೋವು" ಎಂದಳು.

"ಯಾವ ಕಾಲು?" ಎಂದು ಕೇಳಿದಳು ಟೈಲರಕ್ಕ.