ನೀರು ಬೇಡದ ಕಳ್ಳಿ

ನಿಂಗಯ್ಯ ಬೆಳಿಗ್ಗೆ ಮಿಂದ ಕೂಡಲೇ ನಂಜುಂಡೇಶ್ವರನ ಪಟದ ಮುಂದಿನ ತಾಮ್ರದ ಗಿಂಡಿಗೆ ಹೊಸ ನೀರು ತುಂಬುತ್ತಿದ್ದ. ಹಿಂದಿನ ದಿನದ ನೀರನ್ನು ಸೀಸೆಯಲ್ಲಿ ಒಯ್ದು, ಕೆಲಸಕ್ಕಿದ್ದ ಬಂಗಲೆಯ ಕಣಗಿಲೆ ಬುಡಕ್ಕೆ ಹಾಕುತ್ತಿದ್ದ. ಆಮೇಲೆಯೇ ಕಾಫಿ. ದೇವರ ಮುಂದಿಟ್ಟ ನೀರನ್ನು ಕಾಲು ಬೀಳುವ ಕಡೆ ಚೆಲ್ಲಬಾರದೆಂದು ಅವನ ತಾಯಿ ಕಲಿಸಿದ್ದಳು. ಜ್ವರ ಬಂದ ದಿನವೂ ಅವನು ಇದನ್ನು ತಪ್ಪಿಸಿದ್ದನ್ನು ನಾನು ಕಂಡಿಲ್ಲ.

ಯಾದವಗಿರಿಯ ಕರಿಬಸವಯ್ಯನವರ ಬಂಗಲೆಯಲ್ಲಿ ಅವನು ಮಾಲಿ. ದೇವರಾಜ ಮೊಹಲ್ಲಾದ ವಠಾರದಲ್ಲಿ ನಮ್ಮ ಪಕ್ಕದ ಮನೆ ಅವನದು. ಕೈ ಸುಮ್ಮನಿರದ ಮನುಷ್ಯ. ಜಗಲಿಯ ಮೇಲೆ ಮಾತಾಡುತ್ತ ಕುಳಿತರೂ ಬೆರಳು ಚಾಪೆಯ ಕಡ್ಡಿ ಕೀಳುತ್ತಲೇ ಇರುತ್ತಿತ್ತು.

೧೯೫೮ರ ದೀಪಾವಳಿ ಕಳೆದ ಮೇಲೆ ಕರಿಬಸವಯ್ಯನವರೂ ಅವರ ಹೆಂಡತಿ ಗಿರಿಜಾಂಬಾ ಅವರೂ ಏಳು ತಿಂಗಳಿಗೆಂದು ಪುಣೆಯ ಮಗಳ ಮನೆಗೆ ಹೊರಟರು. ಬಂಗಲೆಯನ್ನು ಬಾಡಿಗೆಗೆ ಹಿಡಿದ ಅಧಿಕಾರಿ ತನ್ನದೇ ಮಾಲಿಯನ್ನು ಕರೆತಂದ. ನಿಂಗಯ್ಯ ಅಷ್ಟು ದಿನದ ಮಟ್ಟಿಗೆ ಮಾರುಕಟ್ಟೆಯ ಹೂವಿನ ಅಂಗಡಿಯಲ್ಲಿ ನಿಂತ.

ಹೊರಡುವ ದಿನ ಕರಿಬಸವಯ್ಯನವರು ಅವನ ಕೈಗೊಂದು ಸಣ್ಣ ಕುಂಡ ಕೊಟ್ಟರು. ಅದರಲ್ಲಿ ನಿಂಬೆಹಣ್ಣಿನ ಗಾತ್ರದ ಕಳ್ಳಿ. ಅರ್ಜೆಂಟೀನಾದ ಬೆಟ್ಟದಲ್ಲಿ ಬೆಳೆಯುವಂಥದ್ದು. ಸ್ನೇಹಿತರೊಬ್ಬರು ಹಡಗಿನಲ್ಲಿ ತಂದುಕೊಟ್ಟಿದ್ದರು. ಎಲೆಯಿಲ್ಲ. ಮೈತುಂಬ ಸಣ್ಣ ಬಿಳಿ ಮುಳ್ಳು, ಬುಡದ ಸುತ್ತ ಗೋಲಿಯಂಥ ಐದು ಮರಿ. ಬೇಸಿಗೆಗೆ ಮುಂಚೆ ಬುಡದಿಂದಲೇ ಕೆಂಪು ಹೂ ಬಿಡುತ್ತಿತ್ತಂತೆ.

"ಶಿವರಾತ್ರಿವರೆಗೂ ಒಂದು ತೊಟ್ಟು ನೀರು ಹಾಕಕೂಡದು. ಚಳಿಗಾಲದಲ್ಲಿ ಅದು ನಿದ್ದೆ ಮಾಡುತ್ತೆ. ಹಿಂದಿನ ಮಾಲೀನ ಯಾಕೆ ಬಿಡಿಸಿದೆ, ಗೊತ್ತಲ್ಲ?"

"ಗೊತ್ತು ಬುದ್ಧಿ." ಆ ಮಾಲಿ ಒಂದು ಗುಲಾಬಿ ಗಿಡ ಒಣಗಿಸಿದ್ದ, ಅಷ್ಟೇ.

ಕುಂಡ ಮನೆಗೆ ಬಂದಾಗ ಹೆಂಡತಿ ಮಾದೇವಮ್ಮ, "ಮುಳ್ಳಿನ ಗಿಡಾನ ಮನೇಗೆ ತಂದ್ಬುಟ್ಯಲ್ಲ. ಇಲ್ಲಿ ಜಗಳ ಕಮ್ಮಿಯಾಗಿತ್ತಾ?" ಎಂದಳು.

ನಮ್ಮ ವಠಾರದ ಅಂಗಳವೆಲ್ಲ ಕಲ್ಲು ಹಾಸು. ಬಂಗಲೆಯ ಕಣಗಿಲೆ ತಪ್ಪಿದ ಮೇಲೆ ಗಿಂಡಿಯ ನೀರು ಹಾಕಲು ಅವನಿಗೆ ಬೇರೆ ಗಿಡವೇ ಇರಲಿಲ್ಲ. ಮೂರು ದಿನ ಸೀಸೆಯಲ್ಲಿ ಕೂಡಿಟ್ಟ. ನಾಲ್ಕನೆಯ ದಿನ ಒಂದು ಚಮಚ ಕಳ್ಳಿಗೆ ಹಾಕಿ, ನನ್ನ ಹತ್ತಿರ ಬಂದ.

"ದೇವ್ರ ನೀರು ಕಣಮ್ಮ. ಕೊಂದ್ಬುಡ್ತದಾ?"

ಕೊಲ್ಲಲಾರದು ಎಂದೇ ನನಗೂ ತೋರಿತು. ಹಾಗೆಯೇ ಹೇಳಿಬಿಟ್ಟೆ.

ಮುಂದೆ ದಿನಕ್ಕೊಂದು ಚಮಚವಾಯಿತು, ಮಿಕ್ಕದ್ದು ಸೀಸೆಗೆ. ಸಂಕ್ರಾಂತಿಯ ಹೊತ್ತಿಗೆ ಬುಡ ಕಂದಿತು. ಒತ್ತಿದರೆ ಬೆರಳು ಒಳಗೇ ಹೋಯಿತು. ನಿಂಗಯ್ಯ ಚಾಕು ತೊಳೆದು ಕೊಯ್ದ. ತಾಯಿಕಳ್ಳಿ ನೆತ್ತಿಯವರೆಗೂ ಕೊಳೆತಿತ್ತು. ಮರಿಗಳು ಮಾತ್ರ ಒಳಗೆ ಹಸಿರಾಗಿದ್ದವು. ಐದನ್ನೂ ಬಿಡಿಸಿ, ಕೊಯ್ದ ಜಾಗಕ್ಕೆ ಇದ್ದಿಲು ಪುಡಿ ಸವರಿ, ನೆರಳಲ್ಲಿ ಹತ್ತು ದಿನ ಒಣಗಿಸಿದ. ಆಮೇಲೆ ಮರಳು, ಇಟ್ಟಿಗೆ ಪುಡಿ ಬೆರೆಸಿದ ಕುಂಡದ ಮೇಲೆ ಕೂರಿಸಿದ. ಬೇರು ಬರುವ ತನಕ ನೀರಿಲ್ಲ; ಗಿಂಡಿಯ ನೀರೆಲ್ಲ ಸೀಸೆಗೇ. ಮಾಡಬೇಕಾದ ಕೆಲಸ ಅಲ್ಲಿಗೆ ಮುಗಿಯಿತು.

ಅದನ್ನೇ ಅವನಿಂದ ಸಹಿಸಲಾಗಲಿಲ್ಲ. ಹೂವಿನಂಗಡಿಯಿಂದ ನಡುನಡುವೆ ಓಡಿಬರುತ್ತಿದ್ದ. ಮರಿಗಳನ್ನು ಒಂದೊಂದಾಗಿ ಎತ್ತಿ ಬುಡ ನೋಡಿ, ಮತ್ತೆ ಇಡುತ್ತಿದ್ದ. ಉಣ್ಣುವಾಗ ಎದ್ದು ಹೋಗಿ ಕುಂಡವನ್ನು ಬಿಸಿಲಿಗಿಡುವನು, ಎರಡು ತುತ್ತಿನ ಮೇಲೆ ನೆರಳಿಗೆ ಸರಿಸುವನು. ಹಾಗೆ ಎತ್ತುವಾಗಲೇ ಒಂದರ ಕೂದಲೆಳೆಯಂಥ ಬೇರು ಮುರಿಯಿತು. ಅದೂ ಇನ್ನೊಂದೂ ಸುಕ್ಕುಗಟ್ಟಿ ಸತ್ತವು.

"ಎಳೆ ಮಗೂನ ಗಳಿಗೆಗೊಂದ್ಸಲ ಎತ್ತಿ ನೋಡಿದ್ರೆ ಉಳೀತದಾ? ಹೂವಿನಂಗ್ಡಿಯವ್ರು ನಿನ್ನೂ ಕೆಲ್ಸದಿಂದ ತೆಗ್ದು ಒಣಗಾಕ್ತಾರೆ ನೋಡ್ತಿರು" ಎಂದು ಮಾದೇವಮ್ಮ ಕುಂಡವನ್ನು ತಂದು ನಮ್ಮ ಮನೆಯ ಕಿಟಕಿಯೊಳಗಿಟ್ಟಳು. "ಅಕ್ಕ, ಅವ್ನು ಕೇಳಿದ್ರೂ ಕೊಡಬ್ಯಾಡಿ."

ಅವನು ಕೇಳಲಿಲ್ಲ. ದಿನಕ್ಕೆ ಮೂರು ಸಲ ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದ. "ಕೆಲ್ಸ ಓಯ್ತದಲ್ಲಾ ಅಂತಲ್ಲ ಕಣಮ್ಮ. ನಂಬಿ ಕೊಟ್ರು" ಎನ್ನುತ್ತಿದ್ದ. ಕೆಲಸ ಹೋಗುವ ಭಯವೂ ಇತ್ತು. ಮಾದೇವಮ್ಮನ ಹತ್ತಿರ ಅದನ್ನೂ ಹೇಳಿಕೊಂಡಿದ್ದ. ನಾನು ಸಂಜೆ ದೀಪ ಹಚ್ಚುವಾಗ ಆ ಮೂರು ಗೋಲಿಗಳ ಹೆಸರಲ್ಲೂ ಕೈ ಮುಗಿದೆ. ಯುಗಾದಿಯ ಹೊತ್ತಿಗೆ ಮೂರರ ನೆತ್ತಿಯಲ್ಲೂ ಎಳೆಯ ಹೊಸ ಮುಳ್ಳು ಕಾಣಿಸಿತು.

ಜೂನಿನಲ್ಲಿ ಬಂಗಲೆಯವರು ಹಿಂತಿರುಗಿದರು. ನಿಂಗಯ್ಯ ಕುಂಡ ಹಿಡಿದು ಹೊರಟ. ಕಳ್ಳಿ ಸತ್ತದ್ದರಲ್ಲಿ ನನ್ನ ಮಾತಿನ ಪಾಲೂ ಇದ್ದುದರಿಂದ ನಾನೂ ಜೊತೆಗೆ ಹೋದೆ. ಕರಿಬಸವಯ್ಯನವರು ಸಾಮಾನು ಬಿಡಿಸಿಕೊಳ್ಳಲು ಇನ್ನೂ ಸ್ಟೇಷನ್ನಿನಲ್ಲೇ ಇದ್ದರು. ನಿಂಗಯ್ಯ ಹೇಳಿದ್ದೆಲ್ಲವನ್ನೂ ಗಿರಿಜಾಂಬಾ ಅವರು ಕೇಳಿದರು. ಕುಂಡವನ್ನು ತೆಗೆದುಕೊಂಡು ಮೂರು ಮರಿಗಳನ್ನೂ ನೋಡಿ ಜಗಲಿಯ ಮೇಲಿಟ್ಟರು.

"ನೋಡು ನಿಂಗಯ್ಯ, ಬೆಕ್ಕು ಕುಂಡ ಬೀಳಿಸ್ತು ಅಂತ ನೀನು ಆಗಲೇ ಕಾಗದ ಬರೆಸಿದ್ದೆ, ನಾನೇ ಹೇಳೋದು ಮರೆತೆ ಅಂತ ಅವರಿಗೆ ಹೇಳ್ತೀನಿ. ನನ್ನ ಮರೆವು ಅವರಿಗೆ ಹೊಸದೇನಲ್ಲ. ನೀನು ನಾಳೆಯಿಂದ ಕೆಲಸಕ್ಕೆ ಬಾ."

ನಿಂಗಯ್ಯ ಹೊರಗಿನ ರಸ್ತೆಯ ಕಡೆ ನೋಡಿದ. ಜಟಕಾದ ಸದ್ದು ಹತ್ತಿರವಾಗುತ್ತಿತ್ತು.

"ಬ್ಯಾಡಿ ಅಮ್ಮಾವ್ರೆ. ಬೆಕ್ಕು ಅಂದ್ಬುಟ್ರೆ, ಇದರ ತಾಯಿ ಯಾಕೆ ಸತ್ತದ್ದು ಅಂತ ಬುದ್ಧಿಯವ್ರಿಗೆ ಗೊತ್ತಾಗಾಕಿಲ್ಲ. ನಾಳೆ ಇನ್ಯಾರೋ ಈ ಮರಿಗೂ ಚಮಚ ಇಡ್ಕೊಂಡು ಬತ್ತಾರೆ. ನಾನೇ ಹೇಳ್ತೀನಿ" ಎಂದು ಕುಂಡ ಎತ್ತಿಕೊಂಡು ಗೇಟಿನ ಕಡೆ ನಡೆದ.