ಕೂಗದ ತೂಕ

ಗೆಳೆಯರೇ, ಇವತ್ತು ಬಾಳ್ಳುಪೇಟೆಯ ಕಾಫಿ ಮಂಡಿಯೊಂದರಲ್ಲಿ ಎಲೆಕ್ಟ್ರಾನಿಕ್ ತಕ್ಕಡಿಯಿಂದ ಕಂಪ್ಯೂಟರಿಗೆ ಸೀರಿಯಲ್ ಕೇಬಲ್ ಜೋಡಿಸಿದೆ. ಮೂಟೆ ಇಟ್ಟರೆ ಸಾಕು, ತೂಕ ತಾನಾಗಿಯೇ ಪರದೆಗೆ ಬರುತ್ತದೆ. ಮೊದಲ ಮೂಟೆ ತಂದ ಬೆಳೆಗಾರ ಪುಟ್ಟೇಗೌಡರು ಅದನ್ನು ತಕ್ಕಡಿಯಿಂದ ಇಳಿಸಲು ಬಿಡಲಿಲ್ಲ.

"ತೂಕ ಯಾರೂ ಕೂಗ್ಲೇ ಇಲ್ವಲ್ಲ?"

"ವೈರಲ್ಲೇ ಹೋಯ್ತು ಗೌಡ್ರೇ, ಅಲ್ಲಿ ಕಾಣ್ತೈತೆ ನೋಡಿ," ಎಂದೆ.

"ಗುಟ್ಟಾಗಿ ಹೋಗಾಕೆ ಅದೇನು ಕದ್ದ ಮಾಲಾ? ಮೊದ್ಲು ನಾಕು ಜನಕ್ಕೆ ಕೇಳಂಗೆ ಕೂಗ್ಬೇಕು, ಆಮೇಲೆ ಬರ್ಕಬೇಕು. ಇಲ್ಲಾಂದ್ರೆ ಮೂಟೆ ವಾಪಸ್ ಜೀಪಿಗೆ ಹಾಕ್ಸಿ ಕಣ್ರೀ."

ಮಂಡಿಯ ಯಜಮಾನರು ಕೇಬಲ್ ಬಿಚ್ಚಿಸಿದರು. ತೂಗುವ ರಫೀಕ್ ಎಂದಿನಂತೆ ತಕ್ಕಡಿಯ ಪಕ್ಕ ನಿಂತು ಕೂಗತೊಡಗಿದ. ನಾನು ಕೇಳಿಸಿಕೊಂಡು ಟೈಪ್ ಮಾಡುತ್ತ ಕುಳಿತೆ.

ಸಂಜೆಯವರೆಗೂ ತಕ್ಕಡಿಗೂ ಕಂಪ್ಯೂಟರಿಗೂ ನಡುವಿನ ಕೇಬಲ್ ನಾನೇ.