ತಾನಾಗಿಯೇ ಸರಿಹೋದ ಬೋರ್ಡು

ಯಂತ್ರಗಳಿಗೂ ಜೀವವಿದೆ ಎನ್ನುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಆಯುಧಪೂಜೆಯ ದಿನ ಮೀಟರುಗಳಿಗೆ ಕುಂಕುಮ ಹಚ್ಚುತ್ತಿದ್ದರೆ, ಒಳಗೆ ಪುಡಿ ಬಿದ್ದು ರೀಡಿಂಗ್ ಕೆಡುತ್ತದೆ ಎಂದು ಗೊಣಗುತ್ತಿದ್ದವಳು ನಾನು. ಆದ್ದರಿಂದ ಇದನ್ನು ನೀವು ನಂಬಲೇಬೇಕೆಂದು ಹಟ ಹಿಡಿಯುವುದಿಲ್ಲ.

ಯಲಹಂಕದ ಒಂದು ಶೆಡ್ಡಿನಲ್ಲಿ ನಾನು ಪವರ್ ಸಪ್ಲೈ ಬೋರ್ಡುಗಳನ್ನು ಪರೀಕ್ಷಿಸುತ್ತೇನೆ. ಈ ಕೆಲಸ ಕಲಿಸಿದವರು ಮುನಿರಾಜಣ್ಣ. ಮೂರು ವರ್ಷದ ಹಿಂದೆ ಅವರ ಶ್ವಾಸಕೋಶ ಕೈಕೊಟ್ಟಿತು. ರಾಜಾನುಕುಂಟೆಯ ಮನೆಯಲ್ಲಿ ಹಗಲೂ ರಾತ್ರಿ ಉಸಿರಾಟದ ಯಂತ್ರ ಹಾಕಿಕೊಂಡೇ ಮಲಗಿರುತ್ತಿದ್ದರು. ಅಲ್ಲಿ ಕರೆಂಟು ಹೋದರೆ ಬರುವುದು ಯಾವಾಗಲೋ. ಮನೆಯ ಸೋಲಾರ್ ಬ್ಯಾಟರಿಗಳದ್ದು ನಲವತ್ತೆಂಟು ವೋಲ್ಟು, ಯಂತ್ರಕ್ಕೆ ಬೇಕಾದದ್ದು ಇಪ್ಪತ್ತನಾಲ್ಕು. ಅದನ್ನು ಇಳಿಸಿಕೊಡುವ ಕನ್ವರ್ಟರ್ ಬೋರ್ಡನ್ನು ಅವರೇ ಮಲಗಿದಲ್ಲಿಂದ ಡಿಸೈನ್ ಮಾಡಿದ್ದರು. ಜೋಡಿಸಿದವಳು ನಾನು.

ತೊಂದರೆ ಇದ್ದದ್ದು ಆನ್ ಮಾಡುವ ಆ ಒಂದು ಕ್ಷಣದಲ್ಲಿ. ವೋಲ್ಟೇಜು ಸೊನ್ನೆಯಿಂದ ಹದವಾಗಿ ಏರಿ ಇಪ್ಪತ್ತನಾಲ್ಕಕ್ಕೆ ನಿಲ್ಲಬೇಕು. ಇದು ಮೂವತ್ತೈದಕ್ಕೆ ನೆಗೆದು ಆಮೇಲೆ ಇಳಿಯುತ್ತಿತ್ತು. ಆ ಒಂದು ನೆಗೆತ ಸಾಕು, ಯಂತ್ರ ಸುಟ್ಟುಹೋಗಲು. ಒಂದು ಭಾನುವಾರ ಶೆಡ್ಡಿನಲ್ಲಿ ಒಬ್ಬಳೇ ಕುಳಿತು ಕೆಪಾಸಿಟರು ಬದಲಿಸಿದೆ, ಚಿಪ್ಪನ್ನೇ ಬದಲಿಸಿದೆ. ಏನು ಮಾಡಿದರೂ ಅದೇ ಹಾಡು. ಮಧ್ಯಾಹ್ನದ ಹೊತ್ತಿಗೆ ಅಳು ಬಂತು. ಮೊದಲಿದ್ದ ಭಾಗಗಳನ್ನೇ ಮತ್ತೆ ಕೂರಿಸಿ, ಕೈಸೋತು, ಇನ್ನೊಮ್ಮೆ ಸ್ವಿಚ್ ಒತ್ತಿದೆ.

ಈ ಸಲ ಮೀಟರಿನ ಮುಳ್ಳು ನೆಗೆಯಲಿಲ್ಲ. ಸ್ವಲ್ಪ ಏರಿತು, ನಿಂತಿತು. ಮತ್ತೆ ಸ್ವಲ್ಪ ಏರಿತು, ನಿಂತಿತು. ಕಣ್ಣು ಮಿಟುಕಿಸುವುದರೊಳಗೆ ಮುಗಿಯಬೇಕಾದ ಕೆಲಸಕ್ಕೆ ಒಂದು ನಿಮಿಷವೇ ಹಿಡಿಯಿತು. ಅಷ್ಟು ನಿಧಾನ ಮಾಡಬಲ್ಲ ಯಾವ ಭಾಗವೂ ಆ ಬೋರ್ಡಿನಲ್ಲಿ ಇಲ್ಲ. ಕೊನೆಗೆ ಇಪ್ಪತ್ತನಾಲ್ಕಕ್ಕೆ ಬಂದು ಅಲ್ಲೇ ನಿಂತಿತು. ಆರಿಸಿ ಮತ್ತೆ ಆನ್ ಮಾಡಿದೆ. ಆಮೇಲಿನ ನಲವತ್ತು ಸಲವೂ ಬೋರ್ಡು ಚಕ್ಕನೆ, ಒಂಚೂರೂ ನೆಗೆಯದೆ, ಸರಿಯಾಗಿ ಎದ್ದಿತು.

ಮುನಿರಾಜಣ್ಣನಿಗೆ ಫೋನ್ ಮಾಡಿದೆ. "ಅಣ್ಣಾ, ಸರಿಹೋಯ್ತು. ಆದ್ರೆ ನಾನೇನೂ ಮಾಡ್ಲಿಲ್ಲ, ತಾನಾಗೇ ಸರಿಹೋಯ್ತು."

"ಅಂಗಾದ್ರೆ ಕಳಿಸ್ಬೇಡ ಕಣಮ್ಮ," ಎಂದರು. "ಯಾಕ್ ಸರಿಯಾಯ್ತು ಅಂತ ಗೊತ್ತಾಗೋವರ್ಗೂ ಶೆಡ್ಡಿಂದ ಆಚೆ ಬಿಡ್ಬಾರ್ದು."

ಅವರು ನಮಗೆಲ್ಲ ಕಲಿಸಿದ ಮೊದಲ ಶಿಸ್ತೇ ಅದು. ಮಾತಿನ ನಡುವೆ ಅವರ ಉಸಿರು ಸ್ವಲ್ಪ ಏರಿ, ನಿಂತು, ಮತ್ತೆ ಏರುತ್ತಿತ್ತು. ಮುಳ್ಳು ಏರಿದ್ದೂ ಹೀಗೆಯೇ ಎಂದು ಹೊಳೆಯಿತು. ಇಷ್ಟು ಓದಿದವಳು ಇಂಥದ್ದನ್ನು ಹೇಳುವುದೇ ಎಂದು ನಾಚಿಕೆಯಾಯಿತು. "ಆಗ್ಲಿ ಅಣ್ಣ, ಕಾರಣ ಹುಡುಕ್ತೀನಿ" ಎಂದಷ್ಟೇ ಹೇಳಿ ಫೋನ್ ಇಟ್ಟೆ.

ಮಂಗಳವಾರ ಸಂಜೆ ರಾಜಾನುಕುಂಟೆಯಲ್ಲಿ ಕರೆಂಟು ಹೋಯಿತು. ಯಂತ್ರದೊಳಗಿನ ಬ್ಯಾಟರಿ ಒಂದು ಗಂಟೆ ತಡೆಯಿತಂತೆ. ಆಂಬುಲೆನ್ಸ್ ದೊಡ್ಡಬಳ್ಳಾಪುರ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತ್ತು. ಅದು ತಲುಪುವಷ್ಟರಲ್ಲಿ ಅವರು ಇರಲಿಲ್ಲ. ಬೋರ್ಡು ನನ್ನ ಮೇಜಿನ ಮೇಲೆಯೇ ಇತ್ತು.

ಕಾರಣವನ್ನು ಇವತ್ತಿಗೂ ಹುಡುಕುತ್ತಿದ್ದೇನೆ. ಸಿಕ್ಕಿಲ್ಲ, ಸಿಗುವ ಆಸೆಯೂ ಉಳಿದಿಲ್ಲ. ಈ ಮೂರು ವರ್ಷದಲ್ಲಿ ಅದನ್ನು ಸಾವಿರಾರು ಸಲ ಆನ್ ಮಾಡಿದ್ದೇನೆ. ಒಂದೇ ಒಂದು ಸಲವೂ ಅದು ತಪ್ಪಿಲ್ಲ.